ಪಿಸ್ತೂಲು ಮಾರಾಟಕ್ಕಿದೆ, ಏನೂ ಕೇಳುವುದಿಲ್ಲ

ಟೆಕ್ಸಾಸಿನ ಒಬ್ಬ ಸಂಭಾವಿತ ಗೃಹಸ್ಥನನ್ನು ಕಲ್ಪಿಸಿಕೊಳ್ಳಿ. ಹಿಂದೆ ಯಾವಾಗಲೋ ಪಕ್ಕದ ಮನೆಯವನ ಕೈಗೆ ನಗದು ಕೊಟ್ಟು ಒಂದು ಪಿಸ್ತೂಲು ಕೊಂಡಿದ್ದಾನೆ. ರಸೀದಿಯಿಲ್ಲ, ಕಾಗದವಿಲ್ಲ, ಅದು ಇವನದೆಂದು ಸರ್ಕಾರದ ಯಾವ ಪುಸ್ತಕದಲ್ಲೂ ಬರೆದಿಲ್ಲ. ಈಗ ಅದನ್ನು ಮಾರಬೇಕು, ಆದರೆ ಕಾನೂನು ಮೀರಬಾರದು. ನೋಂದಣಿಯೇ ಆಗದ ಪಿಸ್ತೂಲನ್ನು ಕ್ರಮವಾಗಿ ಮಾರುವುದು ಹೇಗೆಂದು ಅವನಿಗೆ ನಿದ್ದೆಯಿಲ್ಲ.

ಇಷ್ಟು ನಿಯತ್ತಿನ ಮನುಷ್ಯನನ್ನು ಕಂಡರೆ ಅಲ್ಲಿನ ಕಾನೂನಿಗೇ ಮುಜುಗರವಾದೀತು. ನೋಂದಣಿ ಆಗಿಲ್ಲವೇ? ಯಾರದು ಆಗಿದೆ ಸ್ವಾಮಿ! ಮೆಷಿನ್ ಗನ್ನಿನಂಥವುಗಳ ಮಾತು ಬೇರೆ. ಹವಾಯಿಯಂಥ ಕೆಲವೇ ರಾಜ್ಯಗಳ ಮಾತೂ ಬೇರೆ. ಉಳಿದಂತೆ ನೋಂದಣಿಯೆಂಬುದು ಇಲ್ಲ, ಮತ್ತು ಇರಕೂಡದು. 1986ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಬಂದೂಕುಗಳದ್ದಾಗಲಿ ಅವುಗಳ ಒಡೆಯರದ್ದಾಗಲಿ ಹೊಸ ಪಟ್ಟಿಯನ್ನು ಕೇಂದ್ರ ಸರ್ಕಾರ ಮಾಡುವಂತಿಲ್ಲ. ಅಮೆರಿಕದ ನಾಗರಿಕರ ಬಳಿ 39 ಕೋಟಿಗೂ ಹೆಚ್ಚು ಬಂದೂಕುಗಳಿವೆ ಎಂದು ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತು. ಹಸುಗೂಸುಗಳನ್ನೂ ಸೇರಿಸಿ ತಲೆಗೊಂದರಂತೆ ಹಂಚಿದರೂ ಕೋಟಿಗಟ್ಟಲೆ ಮಿಗುತ್ತವೆ. ಅಂದಾಜೇ ಗತಿ, ಪಟ್ಟಿ ಹಿಡಿದು ಎಣಿಸುವಂತಿಲ್ಲವಲ್ಲ.

ನಾವು ಹಿಂದುಳಿದವರು. ಹಳೇ ಸ್ಕೂಟರ್ ದಾಟಿಸಲೂ ನಮಗೆ ಫಾರಂ 29, ಫಾರಂ 30, ಆರ್‌ಟಿಓ ಬಾಗಿಲಲ್ಲಿ ನಿಂತ ಏಜೆಂಟರ ಕೃಪೆ ಬೇಕು. ಬಂದೂಕಿನ ಲೈಸೆನ್ಸಿದ್ದವನು ಲೈಸೆನ್ಸಿರುವ ಇನ್ನೊಬ್ಬನಿಗೆ ಅದನ್ನು ಮಾರಬೇಕಾದರೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಪೊಲೀಸ್ ಠಾಣೆಗೋ ಮೊದಲೇ ಬರೆದುಕೊಟ್ಟು 45 ದಿನ ಕಾಯಬೇಕು. ಟೆಕ್ಸಾಸಿನ ಗೃಹಸ್ಥನಿಗೆ ಈ ತಾಪತ್ರಯವಿಲ್ಲ. ಕೊಳ್ಳುವವನು ಅದೇ ರಾಜ್ಯದವನಾಗಿರಬೇಕು, ವಯಸ್ಕನಾಗಿರಬೇಕು. ಆಮೇಲೆ, ಅವನು ಬಂದೂಕು ಇಟ್ಟುಕೊಳ್ಳಲು ಅನರ್ಹನೆಂದು ಮಾರುವವನಿಗೆ ಗೊತ್ತಿರಬಾರದು. ಹಾಗೆ ನಂಬಲು ತಕ್ಕ ಕಾರಣವೂ ಕಣ್ಣಿಗೆ ಬಿದ್ದಿರಬಾರದು.

ಈ ಕೊನೆಯ ಷರತ್ತನ್ನು ನಿಧಾನವಾಗಿ ಚಪ್ಪರಿಸಬೇಕು. ಕೊಳ್ಳುವವನು ಯೋಗ್ಯನೆಂದು ತಿಳಿದಿರಬೇಕು ಎಂದು ಕಾನೂನು ಹೇಳಿಲ್ಲ. ಅಯೋಗ್ಯನೆಂದು ತಿಳಿಯದಿದ್ದರೆ ಸಾಕು ಎನ್ನುತ್ತದೆ. ಪಾರ್ಕಿಂಗ್ ಜಾಗದಲ್ಲಿ ನಿಂತು “ಜೈಲಿಂದ ಯಾವಾಗ ಬಂದ್ರಿ?” ಎಂದು ಕೇಳಿದವನು ಕೆಟ್ಟ, ಉತ್ತರ ಕಿವಿಗೆ ಬಿದ್ದರೆ ವ್ಯಾಪಾರ ಅಪರಾಧವಾಗುತ್ತದೆ. “ಈ ಸಲ ಬಿಸಿಲು ಜಾಸ್ತಿ ಅಲ್ವಾ?” ಎಂದವನು ಬಚಾವು. ಕುತೂಹಲವಿಲ್ಲದಿರುವುದನ್ನು ಪ್ರಜೆಯ ಸದ್ಗುಣವೆಂದು ಇಷ್ಟು ಮನಸಾರೆ ಒಪ್ಪಿಕೊಂಡ ಶಾಸನ ಬೇರೆಲ್ಲೂ ಇರಲಾರದು. ಕ್ಯಾಲಿಫೋರ್ನಿಯಾ, ಕೊಲರಾಡೊದಂಥ ರಾಜ್ಯಗಳು ಖಾಸಗಿ ಮಾರಾಟವೂ ಲೈಸೆನ್ಸಿನ ಅಂಗಡಿಯ ಮೂಲಕ, ಕೊಳ್ಳುವವನ ಹಿನ್ನೆಲೆ ತಪಾಸಣೆಯಾಗಿಯೇ ನಡೆಯಬೇಕು ಎಂದು ಹಟ ಹಿಡಿದಿವೆ. ಅಲ್ಲಿನವರ ಸಂಕಟ ಅವರಿಗೆ.

ಅಂಗಡಿಯಲ್ಲಿ ಮಾತ್ರ ಎಲ್ಲ ಕಡೆಯೂ ಶಿಸ್ತು. 4473 ಎಂಬ ಸಂಖ್ಯೆಯ ನಮೂನೆ ತುಂಬಬೇಕು. ನೀವು ತಲೆಮರೆಸಿಕೊಂಡ ಆರೋಪಿಯೇ ಎಂಬುದು ಅದರಲ್ಲೊಂದು ಪ್ರಶ್ನೆ. ತಲೆಮರೆಸಿಕೊಂಡವನು ‘ಹೌದು’ ಎಂದು ಗುರುತು ಹಾಕಿ ಪೆನ್ನು ವಾಪಸು ಕೊಡುತ್ತಾನೆಂಬ ನಂಬಿಕೆ ಇರಬೇಕು. ಮಾದಕ ವಸ್ತು ಸೇವಿಸುತ್ತೀರಾ ಎಂಬುದು ಇನ್ನೊಂದು. 2018ರಲ್ಲಿ ಹಂಟರ್ ಬೈಡನ್ ಇದಕ್ಕೆ ‘ಇಲ್ಲ’ ಎಂದು ಬರೆದು ರಿವಾಲ್ವರ್ ಕೊಂಡರು. ಹನ್ನೊಂದೇ ದಿನಕ್ಕೆ ಅದು ದಿನಸಿ ಅಂಗಡಿಯೊಂದರ ಕಸದ ಡಬ್ಬಿ ಸೇರಿತು. ಡಬ್ಬಿ ಕೆದಕುತ್ತಿದ್ದ ವೃದ್ಧರೊಬ್ಬರ ಕೈಗೆ ಸಿಕ್ಕಿತು. 2024ರ ಜೂನಿನಲ್ಲಿ ಜ್ಯೂರಿ ಹಂಟರ್ ಅವರನ್ನು ತಪ್ಪಿತಸ್ಥರೆಂದಿತು, ಡಿಸೆಂಬರಿನಲ್ಲಿ ಅಧ್ಯಕ್ಷರಾಗಿದ್ದ ಅಪ್ಪ ಕ್ಷಮಾದಾನ ಕೊಟ್ಟರು. ಮೂರು ಆರೋಪಗಳಲ್ಲಿ ಎರಡು ಆ ನಮೂನೆಯ ಸುಳ್ಳಿನವು. ಟೆಕ್ಸಾಸಿನವರಾಗಿ ನೆರೆಮನೆಯಲ್ಲೇ ಕೊಂಡಿದ್ದರೆ ನಮೂನೆಯೂ ಇಲ್ಲ, ಸುಳ್ಳೂ ಇಲ್ಲ.

ನಮ್ಮ ಹುಡುಗರನ್ನೂ ಆ ನಮೂನೆ ಮರೆತಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಬೇಟೆಯ ಪರವಾನಗಿ ಪಡೆದವರ ಹೊರತು. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಬಸವನಗುಡಿಯ ಕೋಡಿಂಗ್ ಪಂಡಿತ ಆಸ್ಟಿನ್ನಿನಲ್ಲಿ ಜಿಂಕೆ ಹೊಡೆಯುವ ಪರವಾನಗಿ ತೋರಿಸಿ ಪಿಸ್ತೂಲು ತಂದರೆ ಆಶ್ಚರ್ಯಪಡಬೇಡಿ. ಜಿಂಕೆಗಳಿಗೇನೂ ಅಪಾಯವಿಲ್ಲ.

ಇನ್ನು ಕೊಲೆಯಾದ ಜಾಗದಲ್ಲಿ ಪಿಸ್ತೂಲು ಸಿಕ್ಕಿತೆನ್ನಿ. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನಲ್ಲಿ ಕೇಂದ್ರ ಸರ್ಕಾರದ ಪತ್ತೆ ಕಚೇರಿಯಿದೆ. ಮುಚ್ಚಿಹೋದ ಅಂಗಡಿಗಳ ಕಡತಗಳೆಲ್ಲ ಅಲ್ಲಿಗೇ ಬಂದು ಬೀಳುತ್ತವೆ. ಸ್ಕ್ಯಾನ್ ಮಾಡುತ್ತಾರೆ, ಆದರೆ ಬರಿಯ ಚಿತ್ರವಾಗಿ. ಹೆಸರು ಕೊಟ್ಟು ಹುಡುಕುವಂತಿಲ್ಲ, ಹುಡುಕಲು ಬಂದರೆ ಅದು ಪಟ್ಟಿಯಾಗಿಬಿಡುತ್ತದೆ. ಸಿಬ್ಬಂದಿ ಒಂದೊಂದೇ ಪುಟ ಕಣ್ಣಾರೆ ನೋಡಿ, ಕಾರ್ಖಾನೆಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಮೊದಲು ಕೊಂಡವನ ಮನೆಬಾಗಿಲಿಗೆ ಬರುತ್ತಾರೆ. “ಅಯ್ಯೋ, ಮಾರಿ ವರ್ಷಗಳಾದವು, ಯಾರಿಗೋ ನೆನಪಿಲ್ಲ” ಎನ್ನುತ್ತಾನೆ ಅವನು. ಟೆಕ್ಸಾಸಿನಲ್ಲಿ ಅದು ತಪ್ಪಲ್ಲ.

2014ರಲ್ಲಿ ಅದೇ ಟೆಕ್ಸಾಸಿನಲ್ಲಿ ಒಬ್ಬ ಅಂಗಡಿಗೆ ಹೋದ. ಮಾನಸಿಕ ಕಾರಣದಿಂದ ಅನರ್ಹನೆಂದು ತಪಾಸಣೆಯಲ್ಲಿ ಗೊತ್ತಾಗಿ ಕೊಡಲಿಲ್ಲ. 2016ರಲ್ಲಿ ಖಾಸಗಿಯವನೊಬ್ಬನಿಂದ ತಪಾಸಣೆಯಿಲ್ಲದೆ ರೈಫಲ್ ಕೊಂಡ. 2019ರ ಆಗಸ್ಟ್ 31ರಂದು ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾದಲ್ಲಿ ಅದರಿಂದ ಏಳು ಜನರನ್ನು ಕೊಂದ. ಮಾರಿದವನಿಗೆ 2021ರಲ್ಲಿ ಎರಡು ವರ್ಷ ಜೈಲಾಯಿತು. ಅವನು ಒಪ್ಪಿಕೊಂಡ ತಪ್ಪುಗಳು ಎರಡು: ಲೈಸೆನ್ಸಿಲ್ಲದೆ ಬಂದೂಕಿನ ವ್ಯಾಪಾರ ನಡೆಸಿದ್ದು, ಮತ್ತು ಆದಾಯ ತೆರಿಗೆಗೆ ಸುಳ್ಳು ಲೆಕ್ಕ ಕೊಟ್ಟದ್ದು.