ಪೀತದೀಪ ಮೀಮಾಂಸೆ

ಮೋಟಾರುವಾಹನದ ಮುಖಫಲಕದಲ್ಲಿ ಇಂಜಿನ್ನಿನ ಆಕೃತಿಯ ಹಳದಿ ದೀಪವೊಂದು ಬೆಳಗಿದೊಡನೆ ಒಡೆಯನ ಅಂತಃಕರಣದಲ್ಲಿ ಉದಿಸುವ ಭೀತಿಯು ಸ್ಥಾಯೀಭಾವವೋ ಸಂಚಾರೀಭಾವವೋ ಎಂಬ ವಿಷಯದಲ್ಲಿ ಆಲಂಕಾರಿಕರು ಮೌನ ತಾಳಿರುವುದರಿಂದಲೂ, ಸರ್ವೀಸ್ ಸೆಂಟರಿನ ಆಚಾರ್ಯರಾದರೋ ಮೌನ ತಾಳದೆ 'ಸ್ಕ್ಯಾನ್ ಮಾಡ್ಬೇಕಾಗುತ್ತೆ ಸಾರ್' ಎಂಬ ಏಕವಾಕ್ಯದಲ್ಲಿ ಸಮಸ್ತ ಶಾಸ್ತ್ರವನ್ನೂ ಅಡಗಿಸಿ ಬಿಲ್ ಬರೆಯುತ್ತಿರುವುದರಿಂದಲೂ ಈ ಪ್ರಬಂಧದ ಅವತಾರವು ಅನಿವಾರ್ಯವಾಯಿತು.

ಶಾಸ್ತ್ರಗ್ರಂಥಕ್ಕೆ ಅನುಬಂಧಚತುಷ್ಟಯವು ಅವಶ್ಯವೆಂದು ಪೂರ್ವಾಚಾರ್ಯರು ವಿಧಿಸಿರುವರು. ಇಲ್ಲಿ ಅಧಿಕಾರಿಯೆಂದರೆ ವಾರಂಟಿ ಮುಗಿದಿದ್ದೂ ಸಾಲದ ಕಂತು ಮುಗಿಯದಿರುವ ಸಂಸಾರಿ. ವಿಷಯವು ಪಂಚಾಕ್ಷರಿಯಾದ ದೋಷಸಂಕೇತ. ಸಂಬಂಧವು ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಸಮೀಪದಲ್ಲಿ ಅಡಗಿರುವ 16 ಪಿನ್ನುಗಳ ಸಾಕೆಟ್ಟಿನ ಮೂಲಕ ಘಟಿಸತಕ್ಕದ್ದು. ಪ್ರಯೋಜನವನ್ನು ಬಿಲ್ ನೋಡಿದವರಿಗೆ ಪ್ರತ್ಯೇಕವಾಗಿ ಬೋಧಿಸಬೇಕಾದುದಿಲ್ಲ. ಆ ಪಿನ್ನುಗಳಲ್ಲಿ 16ನೆಯದು ಬ್ಯಾಟರಿಯಿಂದಲೇ ಪ್ರಾಣಶಕ್ತಿಯನ್ನು ತರುವುದರಿಂದ, ಅಂಗೈಯಲ್ಲಡಗುವ ಬ್ಲೂಟೂತ್ ರೀಡರನ್ನು ಸಿಕ್ಕಿಸಿದೊಡನೆ ಅದರ ಕಣ್ಣು ತೆರೆಯುವುದು. ಇಗ್ನಿಷನ್ ಆನ್ ಮಾಡಿ ಮೊಬೈಲಿನಲ್ಲಿ ಆ್ಯಪ್ ತೆರೆದರೆ ಸಂಕೇತದ ಸಾಕ್ಷಾತ್ಕಾರವಾಗುವುದು. ಕೆಲವು ನೂರು ರೂಪಾಯಿಗಳ ಈ ಸಾಧನಕ್ಕೆ ಗುರೂಪದೇಶವಾಗಲಿ ಉಪವಾಸವಾಗಲಿ ಬೇಕಿಲ್ಲ.

ಪಂಚಾಕ್ಷರಿಯ ಆದ್ಯಕ್ಷರವು ಚತುರ್ವಿಧ: ಪಿ ಎಂಬುದು ಇಂಜಿನ್ ಗೇರುಗಳನ್ನೂ, ಸಿ ಚಾಸಿಯನ್ನೂ, ಬಿ ಬಾಡಿಯನ್ನೂ, ಯು ಗಾಡಿಯೊಳಗಿನ ಕಂಪ್ಯೂಟರುಗಳ ಪರಸ್ಪರ ಸಂವಾದವನ್ನೂ ಸೂಚಿಸುವುವು. ದ್ವಿತೀಯಸ್ಥಾನದಲ್ಲಿ ಸೊನ್ನೆಯಿದ್ದರೆ ಅರ್ಥವು ಸರ್ವಕಂಪನಿಸಾಧಾರಣ. ಒಂದಿದ್ದರೆ ಆಯಾ ಕಂಪನಿಯ ರಹಸ್ಯಾರ್ಥ. ತೃತೀಯಸ್ಥಾನದ ಭೇದೋಪಭೇದಗಳನ್ನೂ ಅವುಗಳ ಅವಾಂತರಭೇದಗಳನ್ನೂ ಇಲ್ಲಿ ನಿರೂಪಿಸತಕ್ಕದ್ದಾಗಿತ್ತು. ಓದುಗರು ಆಕಳಿಸುತ್ತಿರುವುದರಿಂದ ಅದನ್ನು ಬಿಟ್ಟಿದ್ದೇನೆ.

ಪಿ 0301 ಎಂಬ ಸಂಕೇತವನ್ನೇ ತೆಗೆದುಕೊಳ್ಳೋಣ. ಮೊದಲನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ ಎಂದು ಇದರ ತಾತ್ಪರ್ಯ. ಕಾರಣವು ಕಾಯಿಲೋ ಪ್ಲಗ್ಗೋ ಇಂಜೆಕ್ಟರೋ ಎಂಬುದನ್ನು ಅದು ಹೇಳದು. ಸಿಲಿಂಡರಿಗೊಂದರಂತೆ ಕಾಯಿಲುಗಳಿರುವ ಇಂಜಿನ್ನಾದರೆ, ಅದು ತಣ್ಣಗಾದ ಮೇಲೆ ಒಂದನೆಯ ಕಾಯಿಲನ್ನು ಬಿಚ್ಚಿ ಎರಡನೆಯದರ ಜಾಗದಲ್ಲಿ ಕೂರಿಸಿ, ಎರಡನೆಯದನ್ನು ಇದರ ಜಾಗಕ್ಕೆ ತಂದು, ಸಂಕೇತವನ್ನು ಅಳಿಸಿ ಒಂದು ಸುತ್ತು ಓಡಿಸಿ ಬರತಕ್ಕದ್ದು. ಈಗ ಪಿ 0302 ಕಾಣಿಸಿಕೊಂಡರೆ ಅಪರಾಧಿ ಕಾಯಿಲೇ. ಅನ್ವಯವ್ಯತಿರೇಕಗಳನ್ನು ತಾರ್ಕಿಕರು ಇದಕ್ಕಿಂತ ಶುದ್ಧವಾಗಿ ಪ್ರಯೋಗಿಸಿದ್ದುಂಟೆ? ಆದರೆ ದೀಪವು ಉರಿಯುವುದನ್ನು ಬಿಟ್ಟು ಮಿನುಗತೊಡಗಿದರೆ ಮೀಮಾಂಸೆ ಬೇಡ. ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿರುತ್ತದೆ, ಗಾಡಿಯನ್ನು ಪಕ್ಕಕ್ಕೆ ಹಾಕಿ.

ಪಿ 0420 ಇನ್ನೂ ಸೂಕ್ಷ್ಮ. ಕನ್ವರ್ಟರಿನ ಮುಂದಿನ ಆಕ್ಸಿಜನ್ ಸೆನ್ಸರು ಸಾಮಾನ್ಯವಾಗಿ 0.1ರಿಂದ 0.9 ವೋಲ್ಟಿನ ನಡುವೆ ಏರಿಳಿಯುತ್ತದೆ, ಹಿಂದಿನದು ಹೆಚ್ಚುಕಡಿಮೆ ಸ್ಥಿರವಾಗಿರತಕ್ಕದ್ದು. ಅದೂ ಕುಣಿಯತೊಡಗಿದರೆ ಕಂಪ್ಯೂಟರು 'ಕನ್ವರ್ಟರು ಸೋತಿದೆ' ಎಂದು ಊಹಿಸುತ್ತದೆ. ಇದು ಅನುಮಾನಪ್ರಮಾಣ, ಪ್ರತ್ಯಕ್ಷವಲ್ಲ. ಸೈಲೆನ್ಸರಿನ ಪೈಪಿನಲ್ಲಿ ಸೀಳಿದ್ದರೂ ಇದೇ ಸಂಕೇತ ಬರಬಹುದು. ಆಚಾರ್ಯರಿಗೆ ಇಷ್ಟು ವ್ಯವಧಾನವೆಲ್ಲಿಯದು! ಪರದೆಯ ಮೇಲಿನ ಸಂಖ್ಯೆಯನ್ನು ಓದಿದ ಉಸಿರಿನಲ್ಲೇ ಹೊಸ ಕನ್ವರ್ಟರಿನ ಅಂದಾಜುಪಟ್ಟಿ ಸಿದ್ಧವಾಗಿರುತ್ತದೆ, ಓದಿದ್ದಕ್ಕೆ ಬೇರೆ ದಕ್ಷಿಣೆ. ಮನೆಯ ಕರೆಂಟ್ ಮೀಟರಿನ ಅಂಕಿಯನ್ನು ಓದಿ ಹೇಳಿದ್ದಕ್ಕೆ ಮನೆಯವನಿಂದಲೇ ಕಾಸು ಕೀಳುವುದಕ್ಕೂ ಇದಕ್ಕೂ ಏನು ಭೇದ? ಆ ಸಾಕೆಟ್ಟನ್ನು ಕಂಪನಿಗಳು ದಯೆಯಿಂದ ಇಟ್ಟದ್ದಲ್ಲ. ಊರಿನ ಗಾಳಿ ಕೆಡಬಾರದೆಂದು ಅಮೆರಿಕದಲ್ಲಿ 1996ರ ಮಾದರಿಗಳಿಂದಲೂ, ನಮ್ಮಲ್ಲಿ ಬಿಎಸ್-4ರ ಕಾಲದಲ್ಲಿ 2013ರಿಂದಲೂ ಕಾನೂನು ಅದನ್ನು ಕಡ್ಡಾಯ ಮಾಡಿತು. ಜನರಿಗಾಗಿ ತೆರೆದ ಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ಸುಂಕ ವಸೂಲಿ ಮಾಡುವುದನ್ನು ಸೇವೆಯೆಂದು ಕರೆಯಲು ನನ್ನಿಂದಾಗದು.

ಮೇಸ್ತ್ರಿಗೆ ಕಾಸು ತಪ್ಪಿಸಬೇಕೆಂಬುದು ಈ ಶಾಸ್ತ್ರದ ಉದ್ದೇಶವೆಂದು ಯಾರೂ ತಿಳಿಯಬಾರದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ, ಒಳಗಿನ ಯಾವ ಬೇರಿಂಗು ಸವೆದಿದೆಯೆಂದು ಹೇಳಬಲ್ಲ ಮೇಸ್ತ್ರಿಗಳು ಜೆ.ಸಿ. ರಸ್ತೆಯ ಆಸುಪಾಸಿನ ಓಣಿಗಳಲ್ಲಿದ್ದರು. ಈಗಲೂ ಅಲ್ಲೊಬ್ಬ ಇಲ್ಲೊಬ್ಬ ಇದ್ದಾರೆ. ಪಿ 1ರಿಂದ ಆರಂಭವಾಗುವ ಸಂಕೇತ ಬಂತೆಂದರೆ, ಅದರ ಅರ್ಥವನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡಿರುವುದರಿಂದ, ಮೂವತ್ತು ವರ್ಷ ಕೈ ಕಪ್ಪಾಗಿಸಿಕೊಂಡ ಆತ ಕೈಕಟ್ಟಿ ನಿಲ್ಲಬೇಕು. ಸ್ಪಾನರ್ ಹಿಡಿದೇ ಅರಿಯದವನು ಟ್ಯಾಬ್ಲೆಟ್ ಹಿಡಿದು ಪಂಡಿತನಾಗುತ್ತಾನೆ. ಸಂಖ್ಯೆಯನ್ನು ನೀವೇ ಓದಿಕೊಳ್ಳಿ, ಉಳಿದ ಹಣವನ್ನು ಮೇಸ್ತ್ರಿಗೆ ಕೊಡಿ. ಚೀಟಿಯಲ್ಲಿ ಪಿ 0301 ಎಂದು ಬರೆದುಕೊಂಡು ಹೋದರೆ ಆತ ಅದನ್ನು ನೋಡಿ ಜೇಬಿಗೆ ತುರುಕಿ, ಬಾನೆಟ್ ಎತ್ತಿ, 'ಇರ್ಲಿ, ಮೊದ್ಲು ಸ್ಟಾರ್ಟ್ ಮಾಡಿ ಸಾರ್' ಎನ್ನುತ್ತಾನೆ.