‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ’: ಹಳೇ ಸ್ಯಾಂಟ್ರೊ ಜೊತೆ ಮಾತುಕತೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಸೆಕೆಂಡ್ ಹ್ಯಾಂಡ್ ಕಾರುಗಳ ಅಂಗಳ. ಹಿಂದಿನ ಸಾಲಿನಲ್ಲಿ 2010ರ ಬೆಳ್ಳಿ ಬಣ್ಣದ ಸ್ಯಾಂಟ್ರೊ ಜಿಂಗ್, ಪಾಲಿಶ್ ಬಳಿದುಕೊಂಡು ಮದುಮಗಳ ಹಾಗೆ ಕೂತಿತ್ತು. ಗಾಜಿನ ಮೇಲೆ ಬೆಲೆ: 1 ಲಕ್ಷ 40 ಸಾವಿರ. ಅಂಗಡಿಯವರು ಟೀಗೆ ಹೋದ ಹೊತ್ತು ನೋಡಿಕೊಂಡು ನಡೆಸಿದ ಸಂದರ್ಶನ ಇದು.

ಪ್ರಶ್ನೆ: ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ’ ಅಂತ ಬರೆದಿದ್ದಾರೆ. ನಿಜವೇ?

ಸ್ಯಾಂಟ್ರೊ: ನಾನು ಮೂವರ ಕೈ ದಾಟಿ ಬಂದವಳು ಸ್ವಾಮಿ. ಡಾಕ್ಟರು ಹತ್ತಿದ್ದೂ ನಿಜ, ಒಂದೇ ಸಲ, ಹಿಂದಿನ ಸೀಟಿಗೆ, ಡ್ರಾಪ್ ಕೇಳಿಕೊಂಡು. ಈ ಅಂಗಳದ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ಆಸ್ಪತ್ರೆ ನೋಡಿಕೊಂಡವರು ಯಾರು?

ಪ್ರಶ್ನೆ: ಮೀಟರಿನಲ್ಲಿ ಬರೀ 48 ಸಾವಿರ ಕಿಲೋಮೀಟರ್ ಇದೆಯಲ್ಲ?

ಸ್ಯಾಂಟ್ರೊ: ಹೋದ ತಿಂಗಳು 1 ಲಕ್ಷ 32 ಸಾವಿರ ಇತ್ತು. ಲ್ಯಾಪ್‌ಟಾಪ್ ಹಿಡಿದ ಹುಡುಗ ಬಂದ, ಅರ್ಧ ಗಂಟೆಯಲ್ಲಿ ಯೌವನ ವಾಪಸ್ ಕೊಟ್ಟು ಹೋದ. ಯಯಾತಿಗೆ ಮಗ ಬೇಕಾಯಿತು, ನನಗೆ ಕೇಬಲ್ ಸಾಕಾಯಿತು. ಆದರೆ ಅವನು ಕೆಳಗೆ ನೋಡಲಿಲ್ಲ. ಕ್ಲಚ್ ಪೆಡಲಿನ ರಬ್ಬರ್ ಒಂದು ಕಡೆ ನುಣ್ಣಗೆ ಸವೆದು ಕಬ್ಬಿಣ ಇಣುಕುತ್ತಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇದೆ ನೋಡಿ, 2317. ಅಂದರೆ 2017ರ 23ನೇ ವಾರ ತಯಾರಾಗಿದ್ದು. ಮೇಲೆ ಗ್ರಿಪ್ ಕಂಡರೂ ಒಳಗೆ ರಬ್ಬರ್ ಕಲ್ಲಾಗಿದೆ. ನಾಲ್ಕೂ ಬದಲಾಯಿಸಿದರೆ ಹದಿಮೂರು ಸಾವಿರ ಇಟ್ಟುಕೊಳ್ಳಿ.

ಪ್ರಶ್ನೆ: ಉಳಿದಂತೆ ಆರೋಗ್ಯ?

ಸ್ಯಾಂಟ್ರೊ: ನಾನು ಯಾವುದನ್ನೂ ಮುಚ್ಚಿಟ್ಟವಳಲ್ಲ. ಹಂಪ್ ಹತ್ತಿಳಿಯುವಾಗ ‘ಟಕ್ ಟಕ್’ ಅಂದರೆ ಬಾಲ್ ಜಾಯಿಂಟ್. ಗುಂಡಿಗಿಳಿದಾಗ ‘ದಡ್’ ಅಂದರೆ ಲೋಯರ್ ಆರ್ಮ್ ಬುಷ್. ಯೂ ಟರ್ನ್ ಹೊಡೆಯುವಾಗ ‘ಕಟ ಕಟ ಕಟ’ ಅಂದರೆ ಆಕ್ಸಲ್ ಜಾಯಿಂಟ್. ವೇಗ ಏರಿದ ಹಾಗೆ ‘ಗುಂಯ್’ ಅನ್ನೋದು ಏರಿದರೆ ವೀಲ್ ಬೇರಿಂಗ್. ಇಷ್ಟು ಬಾಯಿಬಿಟ್ಟು ಹೇಳಿದ್ದಕ್ಕೆ ಮಾಲೀಕರು ಮಾಡಿದ ಚಿಕಿತ್ಸೆ ಏನು ಗೊತ್ತೇ? ಹಾಡಿನ ಸೌಂಡ್ ಜಾಸ್ತಿ ಮಾಡಿದರು! ಒಂದೊಂದಾಗಿ ಮಾಡಿಸಿದ್ದರೆ ನೂರುಗಳಲ್ಲಿ ಮುಗಿಯುತ್ತಿತ್ತು. ಈಗ ಒಟ್ಟಿಗೆ ಒಂಬತ್ತು ಸಾವಿರ.

ಪ್ರಶ್ನೆ: ಕ್ಲಚ್ ಗಟ್ಟಿಯಿದೆಯೇ?

ಸ್ಯಾಂಟ್ರೊ: ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವರ್ಷಗಟ್ಟಲೆ ಹಾಫ್ ಕ್ಲಚ್ಚಿನಲ್ಲಿ ನಿಂತವಳನ್ನು ಕೇಳೋ ಪ್ರಶ್ನೆಯೇ ಇದು? ಪರೀಕ್ಷೆ ಮಾಡಿಬಿಡಿ. ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಮೆಲ್ಲಗೆ ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆದರೆ ಪ್ಲೇಟ್ ಇದೆ ಅಂತ. ಏನೂ ಆಗದ ಹಾಗೆ ಓಡುತ್ತಲೇ ಇದ್ದರೆ ಪ್ಲೇಟ್ ತೀರಿಕೊಂಡಿದೆ ಅಂತ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಕೂಲಿ ಸೇರಿ ಏಳು ಸಾವಿರ. ಬೇರಿಂಗ್ ಹಳೆಯದೇ ಇರಲಿ ಅಂತ ಜಿಪುಣತನ ಮಾಡಿದರೆ ಆರು ತಿಂಗಳಿಗೆ ಗೇರ್ ಬಾಕ್ಸ್ ಮತ್ತೆ ಇಳಿಸಬೇಕು, ಕೂಲಿ ಮತ್ತೆ ಕೊಡಬೇಕು.

ಪ್ರಶ್ನೆ: ಎಂಜಿನ್ ಮಾತ್ರ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತಲ್ಲ?

ಸ್ಯಾಂಟ್ರೊ: ನೀವು ಬರ್ತೀರಿ ಅಂತ ಫೋನ್ ಮಾಡಿದ ಕೂಡಲೇ ನನ್ನನ್ನು ಬಿಸಿ ಮಾಡಿಟ್ಟರು. ಬಾನೆಟ್ ಮುಟ್ಟಿ ನೋಡಬೇಕಿತ್ತು. ಬೆಳಗ್ಗೆ ಹೇಳದೆ ಬನ್ನಿ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಹಿಂದೆ ಹೋಗಿ ನಿಂತುಕೊಳ್ಳಿ. ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಗೆ ಕೆನೆ ಕಟ್ಟಿದ್ದರೆ, ಹೆಡ್ ಗ್ಯಾಸ್ಕೆಟ್ ಅನುಮಾನ. ಚೌಕಾಸಿ ಮಾಡಬೇಡಿ, ಚಪ್ಪಲಿ ಹಾಕಿಕೊಂಡು ಹೊರಡಿ.

ಪ್ರಶ್ನೆ: ನಿಮಗೆ ನಿಜಕ್ಕೂ ಭಯ ಇರೋದು ಯಾವುದರದ್ದು?

ಸ್ಯಾಂಟ್ರೊ: ಟೈಮಿಂಗ್ ಬೆಲ್ಟ್. ನನ್ನ 1086 ಸಿಸಿ ಎಂಜಿನ್ನಿಗೆ ಚೈನ್ ಇಲ್ಲ, ರಬ್ಬರ್ ಬೆಲ್ಟ್. ಅರವತ್ತು ಸಾವಿರದ ಆಸುಪಾಸಿನಲ್ಲಿ ಬದಲಾಯಿಸಿ ಅನ್ನೋದು ಮೆಕ್ಯಾನಿಕ್‌ಗಳ ಮಾತು. ಉಳಿದ ಭಾಗಗಳು ಕೂಗಿ ಹೇಳುತ್ತವೆ, ಇದು ಮಾತ್ರ ಮೂಕ. ಹೇಳದೆ ಕೇಳದೆ ಕಿತ್ತು ಹೋಗುತ್ತೆ, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಟೆನ್ಷನರ್ ಸೇರಿ ನಾಲ್ಕು ಸಾವಿರದ ಕೆಲಸ, ಬಿಟ್ಟರೆ ಹೆಡ್ ಇಳಿಸೋ ಕೆಲಸ. ಈಗ ನೋಡಿ, ಮೀಟರ್ 48 ಸಾವಿರ ಅನ್ನುತ್ತಿದೆ. ಪಾಪ, ಕೊಂಡವನು ಇನ್ನೂ ಹನ್ನೆರಡು ಸಾವಿರ ಓಡಿಸಬಹುದು ಅಂತ ಆರಾಮಾಗಿ ಮಲಗುತ್ತಾನೆ.

ಪ್ರಶ್ನೆ: ಎಸಿಗೆ ‘ಗ್ಯಾಸ್ ಹಾಕಿಸಿದರೆ ಸಾಕು’ ಅಂದರು.

ಸ್ಯಾಂಟ್ರೊ: ಗ್ಯಾಸು ಓಡಿ ಓಡಿ ಖರ್ಚಾಗೋ ವಸ್ತುವಲ್ಲ. ಖಾಲಿಯಾಗಿದೆ ಅಂದರೆ ಎಲ್ಲೋ ತೂತಾಗಿದೆ. ನನ್ನ ಲೆಕ್ಕದಲ್ಲಿ ತೂತು ಡ್ಯಾಷ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲಿನಲ್ಲಿದೆ. ಅದಕ್ಕೊಂದು ಏಳು ಸಾವಿರ.

ಪ್ರಶ್ನೆ: ಈಚೆಗೆ ಮೈಲೇಜ್ ಇಳಿದಿದೆಯಂತೆ?

ಸ್ಯಾಂಟ್ರೊ: ಈ ವಯಸ್ಸಿನಲ್ಲಿ ಕುಡಿಯೋದು ಕಲಿಸಿದ್ದಾರೆ ಸ್ವಾಮಿ. ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಕಬ್ಬು ಬೆಳೆದವರಿಗೆ ಒಳ್ಳೆಯದಾಗಲಿ, ನನ್ನ ತಕರಾರಿಲ್ಲ. ಆದರೆ ಅದಕ್ಕೆ ತಕ್ಕ ಪೈಪು, ಸೀಲು ಹಾಕಿಕೊಂಡು ಕಾರುಗಳು ಬರತೊಡಗಿದ್ದು 2023ರಿಂದ ಈಚೆಗೆ. ನಾನು ಹಳೇ ರಬ್ಬರಿನವಳು. ಪೆಟ್ರೋಲ್ ವಾಸನೆ ಬಂದರೆ ಊದುಬತ್ತಿ ಹಚ್ಚಬೇಡಿ, ಪೈಪ್ ನೋಡಿಸಿ.

ಪ್ರಶ್ನೆ: ಕಾಗದಪತ್ರ ಸರಿ ಇದೆಯೇ?

ಸ್ಯಾಂಟ್ರೊ: 15 ವರ್ಷ ತುಂಬಿದ ಮೇಲೆ ಫಿಟ್‌ನೆಸ್ ತೋರಿಸಿ ಆರ್‌ಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು, ಹಸಿರು ತೆರಿಗೆ ಬೇರೆ. ಬಾಕಿ ಟ್ರಾಫಿಕ್ ದಂಡ ಎಷ್ಟಿದೆ ಅಂತ ನನ್ನ ನಂಬರ್ ಹಾಕಿ ನೋಡಿ. ನನ್ನ ಎರಡನೇ ಮಾಲೀಕರಿಗೆ ಕೆಂಪು ದೀಪ ಕಂಡರೆ ಹುಮ್ಮಸ್ಸು. ಮಾರುವವರಿಗೂ ಒಂದು ಮಾತು: ಹಣ ಎಣಿಸಿಕೊಂಡು ಫಾರಂ 29, 30ಕ್ಕೆ ಸಹಿ ಹಾಕಿದರೆ ಮುಗಿಯಲಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗದೆ ಅಪಘಾತವಾದರೆ ಪರಿಹಾರದ ಹೊಣೆ ಹೆಸರಿದ್ದವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಪ್ರಶ್ನೆ: ಹಾಗಾದರೆ ನಿಮ್ಮನ್ನು ಕೊಳ್ಳಲೇಬಾರದು ಅನ್ನಿ.

ಸ್ಯಾಂಟ್ರೊ: ಯಾರು ಹೇಳಿದ್ದು? ನಮ್ಮ ಮನೆತನ 1998ರಿಂದ ಈ ರಸ್ತೆಗಳಲ್ಲಿದೆ. ನನಗೆ ಬೇಕಾದ ಸಾಮಾನು ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ, ನನ್ನನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ತಾಲ್ಲೂಕಿಗೊಬ್ಬ ಸಿಗುತ್ತಾನೆ. ಲೆಕ್ಕ ಹಾಕಿ: ಟೈರು 13, ಸಸ್ಪೆನ್ಷನ್ 9, ಕ್ಲಚ್ 7, ಬೆಲ್ಟ್ 4, ಎಸಿ 7. ಒಟ್ಟು 40 ಸಾವಿರ. ಗಾಜಿನ ಮೇಲೆ ಬರೆದಿರೋದು ಬೆಲೆಯಲ್ಲ, ಮುಂಗಡ. ಅದರಲ್ಲಿ ಈ ನಲವತ್ತನ್ನು ಕಳೆದು ಮಾತು ಶುರು ಮಾಡಿ. ನಿಮ್ಮ ಮೆಕ್ಯಾನಿಕ್ಕನ್ನೇ ಕರೆತನ್ನಿ, ಇವರು ‘ನಮ್ಮ ಹುಡುಗ’ ಅಂತ ತೋರಿಸೋನು ಬೇಡ.

ಪ್ರಶ್ನೆ: ನಲವತ್ತು ಸಾವಿರ ಹಾಕಿದರೆ ಓಡ್ತೀರಾ?

ಸ್ಯಾಂಟ್ರೊ: ನಾಲ್ಕೈದು ವರ್ಷಕ್ಕೆ ಮೋಸವಿಲ್ಲ. ಆದರೆ ನಿಮ್ಮ ಜನ ನನಗೆ ಗೊತ್ತಿಲ್ಲವೇ! ಅದೇ ದುಡ್ಡಿನಲ್ಲಿ ಸೀಟ್ ಕವರು, ಆಂಡ್ರಾಯ್ಡ್ ಸ್ಕ್ರೀನು, ಹಿಂದಿನ ಗಾಜಿಗೆ ಕೋಪದ ಹನುಮಂತ. ಆಮೇಲೆ ಬೆಲ್ಟ್ ಕಿತ್ತ ದಿನ ಟೋ ಗಾಡಿಯವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ಹೇಳ್ತೀರಿ: ‘ನಿನ್ನೆವರೆಗೂ ಚೆನ್ನಾಗೇ ಇತ್ತಪ್ಪ!’