ಸೂತಕ ಇಲ್ಲದವಗ ಸೂಟಿ ಯಾತಕ್ಕ?

ಅಪ್ಪ ಸಾಯುವ ಹದಿನೈದು ದಿನ ಮೊದಲೇ ಅರ್ಜಿ ಕೊಡಬೇಕಿತ್ತು. ನಗಬೇಡಿ. 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮು ಗಳಿಕೆ ರಜೆಗೆ ಕೇಳಿದ್ದು ಅದನ್ನೇ: ರಜೆ ಶುರುವಾಗುವ 15 ದಿನ ಮುಂಚೆ ಲಿಖಿತ ಅರ್ಜಿ. ಕಾರ್ಮಿಕನೇ ಹಾಸಿಗೆ ಹಿಡಿದರೆ ವಿನಾಯಿತಿ ಇತ್ತು. ಅವನ ಅಪ್ಪನೂ ಒಂದು ದಿನ ಸಾಯಬಹುದು ಎಂಬುದು ಬರೆದವರಿಗೆ ಹೊಳೆಯಲಿಲ್ಲ. ಅಂಗಡಿ, ಆಫೀಸಿನವರಿಗೆ ಮಹಾರಾಷ್ಟ್ರದ 2017ರ ಕಾಯ್ದೆ ವರ್ಷಕ್ಕೆ 8 ಸಾಂದರ್ಭಿಕ ರಜೆ ಕೊಟ್ಟಿತು, ಅದೂ ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ. ಜನವರಿಯಲ್ಲಿ ಹೋದರೆ ಮಗನಿಗೆ ಎರಡೇ ದಿನ. ದೀಪಾವಳಿ ದಾಟಿಸಿದರೆ ಎಂಟು. ಹಿರಿಯರು ತುಸು ಹೊಂದಿಸಿಕೊಳ್ಳಬೇಕು.

ಕುಪವಾಡ ಎಂಐಡಿಸಿಯ ಒಂದು ಕಾರ್ಖಾನೆಯ ಮ್ಯಾನೇಜರ್ ಸಾಹೇಬರನ್ನೇ ನೋಡಿ. ಜತ್ತ ಕಡೆಯ ಲೇತ್ ಆಪರೇಟರ್ ಅಪ್ಪನನ್ನು ಕಳೆದುಕೊಂಡು ಹತ್ತು ದಿನ ಸೂಟಿ ಕೇಳಿದ. ಸಾಹೇಬರು ಕನ್ನಡಕ ಏರಿಸಿದರು: "ನೀವು ಲಿಂಗಾಯತರಲ್ಲೇನೊ? ನಿಮ್ಮೊಳಗ ಸೂತಕಾನ ಇಲ್ಲ. ಮತ್ತ ಸೂಟಿ ಯಾತಕ್ಕ?" ಹನ್ನೆರಡನೆಯ ಶತಮಾನದಲ್ಲಿ ಶರಣರು ಪಂಚಸೂತಕಗಳನ್ನು ಕಿತ್ತೆಸೆದದ್ದು ಹಾಜರಿ ಪುಸ್ತಕಕ್ಕೆ ಹೀಗೆ ಒದಗಿಬಂತು. ಮಿರಜಿನ ಮುಸ್ಲಿಂ ಫಿಟ್ಟರ್ ಬಂದಾಗ "ಮೂರು ದಿನದ ಮ್ಯಾಲ ಶೋಕ ಮಾಡಬಾರದಂತ ನಿಮ್ಮ ಧರ್ಮದಾಗ ಐತಲ್ಲೋ" ಎಂದರು. ಮರಾಠಾ ಹುಡುಗ ಹತ್ತನೆಯ ದಿನದ ಪಿಂಡಕ್ಕೆ ಕೃಷ್ಣಾ ಘಾಟಿಗೆ ಹೊರಟರೆ, "ಕಾಗಿ ಫಸ್ಟ್ ಶಿಫ್ಟಿನ ಮೊದಲ ಮುಟ್ಟತದಲ್ಲ?" ಇಂಥ ಸರ್ವಧರ್ಮ ಪಂಡಿತರು ಸಾಂಗ್ಲಿ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ. ಅವರ ಪಾಂಡಿತ್ಯದಲ್ಲಿ ಎಲ್ಲ ಧರ್ಮಗಳ ಸಾರವೂ ಒಂದೇ: ನಾಳೆ ಡ್ಯೂಟಿಗೆ ಬಾ.

ಹಾಗಂತ ಅನುಕಂಪಕ್ಕೆ ಬರವಿಲ್ಲ. ಲೇತ್ ಆಪರೇಟರನ ಅಪ್ಪನಿಗೆ ಚೌಕದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಫ್ಲೆಕ್ಸ್ ಎದ್ದಿತು. ಸಾಹೇಬರ ಫೋಟೊ ತೀರಿಕೊಂಡವರ ಫೋಟೊಕ್ಕಿಂತ ತುಸುವೇ ದೊಡ್ಡದು. ವಾಟ್ಸಾಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು, ಅವುಗಳ ಬಾಲಕ್ಕೇ ಸೂಪರ್‌ವೈಜರ್ ಸಂದೇಶ: "ದುಃಖದಾಗ ಇದ್ದೀಯಂತ ಗೊತ್ತೈತಿ. ಆ ಶಾಫ್ಟಿನ ಸೆಟಿಂಗ್ ಯಾವ ಡೈರಿಯಾಗ ಐತಿ?" ಆಗಿನ್ನೂ ಕುಣಿಗೆ ಮಣ್ಣು ಬೀಳುತ್ತಿತ್ತು.

ಮಣ್ಣು ಮುಗಿದ ಮೇಲಲ್ಲವೇ ಮಗನ ನಿಜವಾದ ಪಾಳಿ ಶುರುವಾಗುವುದು? 1969ರ ಕಾಯ್ದೆಯಂತೆ ಸಾವನ್ನು 21 ದಿನದೊಳಗೆ ತಿಳಿಸಬೇಕು. ಪಂಚಾಯಿತಿಯ ದಾಖಲೆ, ತಲಾಠಿಯ ಹತ್ತಿರ ಹೊಲದ ಸಾತಬಾರಾದಲ್ಲಿ ವಾರಸಾ ನೋಂದಣಿ, ಬ್ಯಾಂಕಿನ ಪಾಸ್‌ಬುಕ್ಕು. ಇವೆಲ್ಲ ಬಾಗಿಲು ತೆರೆಯುವುದು ಕಾರ್ಖಾನೆ ನಡೆಯುವ ಹೊತ್ತಿನಲ್ಲೇ. ಅವನಿಗೆ ಬೇಕಿದ್ದದ್ದು ಪಗಾರ ಕಡಿಯದ ಹತ್ತು ದಿನ, ಲೇತಿಗೊಬ್ಬ ಬದಲಿ ಆಳು, ಬಡಿದುಕೊಳ್ಳದ ಫೋನು. ಫ್ಲೆಕ್ಸಿನ ದುಡ್ಡನ್ನೇ ಕೊಟ್ಟಿದ್ದರೂ ಎರಡು ದಿನದ ಪಗಾರ ಹುಟ್ಟುತ್ತಿತ್ತು. ಸಿಕ್ಕದ್ದು ಮೂರು ದಿನ, ಬಿನಪಗಾರಿ.

ಮುಂದೆ ಮಾಲಕರ ತಾಯಿ ತೀರಿಕೊಂಡರು. ಕಲಮು, ಕಂತು, ಸೂತಕ ಯಾವುದೂ ಅಡ್ಡ ಬರಲಿಲ್ಲ; ಇಡೀ ಕಾರ್ಖಾನೆಗೆ ಸೂಟಿ. ನೋಟಿಸ್ ಬೋರ್ಡಿನಲ್ಲಿ ಶ್ರದ್ಧಾಂಜಲಿಯ ಕೆಳಗೇ ಇನ್ನೊಂದು ಸಾಲಿತ್ತು: ಸದರಿ ದಿನದ ಕೆಲಸವನ್ನು ಬರುವ ವಾರದ ರಜೆಯಂದು ತುಂಬಿಕೊಡತಕ್ಕದ್ದು.